ಮಸ್ಕಿ ರಬ್ಬರ್ ಹಿಂದೆ ಬರುತ್ತದೆ, ಕಚ್ಚುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕೆರೆದಂಡೆ (ಮಿನಿಯಾಪೊಲಿಸ್)
ಎಲ್ಲರಿಗೂ ನಮಸ್ಕಾರ. ಮಸ್ಕಿ ಮೀನಿನ ಹಿಂದೆ ಬಿದ್ದಿರುವ ಕನ್ನಡದವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲೇ ಕೇಳುತ್ತಿದ್ದೇನೆ.

ಇದು ನನ್ನ ಮೂರನೇ ಸೀಸನ್. ಮಿನ್ನೆಟೊಂಕಾ ಕೆರೆಯಲ್ಲಿ ವಾರಕ್ಕೆ ಎರಡು ಸಲ ದೋಣಿ ಇಳಿಸುತ್ತೇನೆ. ಈ ವರ್ಷ ಪೂರ್ತಿ ರಬ್ಬರ್ ಲೂರ್ (ಮೀನನ್ನು ಸೆಳೆಯುವ ಮೆತ್ತನೆ ನಕಲಿ ಮೀನು) ಮಾತ್ರ ಹಾಕಬೇಕು ಅಂತ ನಿರ್ಧಾರ ಮಾಡಿದ್ದೆ. ಜಾಸ್ತಿ ಬಳಸಿದ್ದು 9 ಇಂಚಿನ ಬುಲ್ ಡಾಗ್ ಅನ್ನುವ ಲೂರ್. 9 ಅಡಿ ರಾಡ್, 80 ಪೌಂಡ್ ಬ್ರೇಡ್ ದಾರ, 130 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಲೂರಿಗೆ ಕಟ್ಟುವ ಗಟ್ಟಿ ತುದಿದಾರ). ಎಸೆಯುತ್ತೇನೆ, ಒಂದೇ ಸಮ ರೀಲ್ ಸುತ್ತುತ್ತೇನೆ, ನಡುನಡುವೆ ಒಂದು ಎಳೆತ ಕೊಡುತ್ತೇನೆ.

ಜೂನ್‌ನಿಂದ ಇಲ್ಲಿಯವರೆಗೆ 11 ಮೀನು ಲೂರ್ ಹಿಂದೆ ದೋಣಿಯವರೆಗೂ ಬಂದಿವೆ. ಒಂದೂ ಬಾಯಿ ಹಾಕಿಲ್ಲ. ಕಳೆದ ಶನಿವಾರ ಬೆಳಗ್ಗೆ ಆರೂವರೆಗೆ ಬಂದದ್ದು ಮರದ ದಿಮ್ಮಿ ಹಾಗಿತ್ತು. ರಬ್ಬರಿನ ಬಾಲಕ್ಕೂ ಅದರ ಮೂತಿಗೂ ಒಂದು ಗೇಣು ಅಂತರ. ಕಿವಿರು ತೆರೆದು ಮುಚ್ಚುವುದು ಕಾಣುತ್ತಿತ್ತು. ದೋಣಿ ಹತ್ತಿರ ಬಂತು, ನನ್ನನ್ನೇ ನೋಡಿತು, ಹಾಗೇ ಕೆಳಗಿಳಿದು ಹೋಯಿತು. ಇಡೀ ದಿನ ಬೇರೆ ಯೋಚನೆ ಬರಲಿಲ್ಲ.

ಬಣ್ಣ ಬದಲಾಯಿಸಬೇಕಾ? ಸೈಜಾ? ಅಥವಾ ಕೈಯಲ್ಲೇ ತಪ್ಪಿದೆಯಾ?

ಹೇವರ್ಡ್_ಹುಡುಗ (ವಿಸ್ಕಾನ್ಸಿನ್)
ಬಣ್ಣ ಬಿಡಿ ಅಣ್ಣ. ತಪ್ಪು ನಿಮ್ಮ ಬರಹದಲ್ಲೇ ಇದೆ: "ಒಂದೇ ಸಮ ರೀಲ್ ಸುತ್ತುತ್ತೇನೆ". ಆ ಲೂರಿನ ಜೀವ ಇರುವುದು ಅದು ಕೆಳಗೆ ಬೀಳುವಾಗ. ನೀವು ಬೀಳುವುದಕ್ಕೇ ಬಿಡುತ್ತಿಲ್ಲ.

ಹೀಗೆ ಮಾಡಿ ನೋಡಿ. ರಾಡ್ ತುದಿ ನೀರಿಗೆ ಹತ್ತಿರ ಇರಲಿ. ಪಕ್ಕಕ್ಕೆ ಎರಡು ಮೂರು ಅಡಿ ಎಳೆಯಿರಿ. ಆಮೇಲೆ ರಾಡ್ ತುದಿಯನ್ನು ಮತ್ತೆ ಲೂರ್ ಕಡೆಗೆ ತಿರುಗಿಸಿ. ಆಗ ದಾರ ಸಡಿಲ ಆಗುತ್ತದೆ. ಆ ಸಡಿಲವನ್ನು ನಿಧಾನ ಸುತ್ತಿಕೊಳ್ಳಿ, ಆದರೆ ಪೂರ್ತಿ ಬಿಗಿ ಮಾಡಬೇಡಿ. ಆ ಒಂದೆರಡು ಸೆಕೆಂಡಿನಲ್ಲಿ ರಬ್ಬರ್ ತಲೆ ಕೆಳಗೆ ಮಾಡಿ ಜಾರುತ್ತದೆ, ಸುರುಳಿ ಬಾಲ ಬಿಚ್ಚಿಕೊಂಡು ಅಲ್ಲಾಡುತ್ತದೆ. ಪೆಟ್ಟು ತಿಂದ ಮೀನು ಈಜಲಾರದೆ ಮುಳುಗುವ ಹಾಗೆ ಕಾಣುತ್ತದೆ. ನನಗೆ ರಬ್ಬರಿನಲ್ಲಿ ಸಿಕ್ಕ ಮೀನುಗಳಲ್ಲಿ ಹೆಚ್ಚಿನವು ಕಚ್ಚಿದ್ದು ಆ ಬೀಳುವ ಹೊತ್ತಿನಲ್ಲೇ.

ಕೆರೆದಂಡೆ
ಬೀಳುವಾಗ ದಾರ ಸಡಿಲ ಇದ್ದರೆ ಕಚ್ಚಿದ್ದು ಹೇಗೆ ಗೊತ್ತಾಗಬೇಕು? ಇದೇ ಹೆದರಿಕೆಗೆ ನಾನು ಬಿಗಿ ಇಟ್ಟುಕೊಳ್ಳುವುದು.

ನೀರಹಕ್ಕಿ (ಮಿನ್ನೆಸೋಟ)
ಬಾವಿಗೆ ಕೊಡ ಬಿಡುವುದು ನೆನಪಿದೆಯಾ? ಹಗ್ಗ ಕೈಯಲ್ಲಿ ಜಾರುತ್ತಾ ಇರುತ್ತದೆ, ಆದರೆ ಕೊಡ ನೀರು ಮುಟ್ಟಿದ ಕ್ಷಣ ಬೆರಳಿಗೆ ಗೊತ್ತಾಗುತ್ತದೆ. ದಾರವೂ ಅಷ್ಟೇ ಸಡಿಲ ಇರಬೇಕು. ಪೂರ್ತಿ ಬಿಗಿ ಹಿಡಿದರೆ ಲೂರ್ ಉಯ್ಯಾಲೆ ಹಾಗೆ ನಿಮ್ಮ ಕಡೆಗೇ ತೂಗಿ ಬರುತ್ತದೆ, ನೇರ ಕೆಳಗೆ ಬೀಳುವುದಿಲ್ಲ. ಪೂರ್ತಿ ಬಿಟ್ಟರೆ ಮೀನು ಕಚ್ಚಿ ಉಗುಳಿದ್ದೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಕಣ್ಣು ದಾರ ನೀರು ಸೇರುವ ಜಾಗದ ಮೇಲೇ ಇರಲಿ. ಎಷ್ಟೋ ಸಲ ಕೈಗೆ ಏನೂ ಗೊತ್ತಾಗುವುದಿಲ್ಲ. ದಾರ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಬೀಳುತ್ತಿದ್ದದ್ದು ಸುಮ್ನೆ ನಿಂತುಬಿಡುತ್ತದೆ. ಹಾಗಾದರೆ ಕಾಯಬೇಡಿ, ಹುಕ್ ಚುಚ್ಚುವ ಹಾಗೆ ರಾಡ್ ಎಳೆದು ಹೊಡೆಯಿರಿ.

ಲೆಕ್ಕಾಚಾರ (ಇಲಿನಾಯ್)
ಒಂದೇ ಸಮ ಸುತ್ತುವುದು ತಪ್ಪು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನಗೆ ಜುಲೈನಲ್ಲಿ, ಅದೂ ಕತ್ತಲಾದ ಮೇಲೆ, ನೇರ ನಿಧಾನ ಸುತ್ತಿದ್ದಕ್ಕೇ ಮೂರು ಮೀನು ಸಿಕ್ಕಿವೆ. ರಾತ್ರಿ ಮೀನು ಬಾಲದ ಅಲುಗಾಟವನ್ನು ಮೈಯಲ್ಲೇ ಗುರುತಿಸಿ ಬರುತ್ತದೆ. ಲೂರ್ ಒಂದೇ ದಾರಿಯಲ್ಲಿ ಬಂದರೆ ಅದಕ್ಕೆ ಗುರಿ ಇಡುವುದು ಸುಲಭ. ಎಳೆದು ಬಿಟ್ಟು ಮಾಡಿದರೆ ಕತ್ತಲಲ್ಲಿ ತಪ್ಪಿಸಿಕೊಳ್ಳುತ್ತದೆ.

ಹೇವರ್ಡ್_ಹುಡುಗ
ರಾತ್ರಿ ಲೆಕ್ಕ ಬೇರೆ, ಒಪ್ಪಿದೆ. ಆದರೆ ಅಣ್ಣ ಹೇಳುತ್ತಿರುವುದು ಬೆಳಗ್ಗೆ ಆರೂವರೆ, ತಿಳಿನೀರು. ಹಗಲು ಬೆಳಕಲ್ಲಿ ಒಂದೇ ಸಮ ಬರುವ ರಬ್ಬರನ್ನು ಮೀನು ಆರಾಮಾಗಿ ನೋಡಿಕೊಂಡು ಬರುತ್ತದೆ. ಅದಕ್ಕೆ ತೀರ್ಮಾನ ಮಾಡಲೇಬೇಕಾದ ಒಂದು ಕ್ಷಣ ಕೊಡಬೇಕು. ಬೀಳುವುದು ಅಂಥ ಒಂದು ಕ್ಷಣ. ಥಟ್ಟನೆ ವೇಗ ಜಾಸ್ತಿ ಮಾಡುವುದು ಇನ್ನೊಂದು.

ಲೆಕ್ಕಾಚಾರ
ಅದು ಸರಿ. "ಯಾವಾಗಲೂ" ಅಂದಿದ್ದಕ್ಕೆ ನನ್ನ ತಕರಾರು.

ಹೇವರ್ಡ್_ಹುಡುಗ
"ಯಾವಾಗಲೂ" ಅಂತ ನಾನು ಎಲ್ಲೂ ಬರೆದಿಲ್ಲ. ಮೇಲೆ ಹೋಗಿ ಓದಿ.

ಹತ್ತಿಬಟ್ಟೆ (ಸಿಂಧನೂರು)
ತಲೆಬರಹ ನೋಡಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಬಗ್ಗೆ ಏನೋ ಚರ್ಚೆ ಅಂದುಕೊಂಡು ಬಂದೆ. ಅಶೋಕನ ಹೆಸರೇ ಇರುವ ಶಾಸನ ಸಿಕ್ಕ ಊರದು, 1915ರಲ್ಲಿ. ಇಲ್ಲಿ ನೋಡಿದರೆ ಮೀನು! ಆದರೂ ಪೂರ್ತಿ ಓದಿದೆ. ಇದು ಎಂಥ ಮೀನು ಸರ್, ಹಿಡಿಯುವುದು ಇಷ್ಟು ಕಷ್ಟವಾ?

ನೀರಹಕ್ಕಿ
ಬನ್ನಿ ಬನ್ನಿ, ಊರಿನ ಮಸ್ಕಿಯವರಿಗೂ ಜಾಗ ಇದೆ. ಪೂರ್ತಿ ಹೆಸರು ಮಸ್ಕಲಂಜ್. ಉತ್ತರ ಅಮೆರಿಕದ ಸಿಹಿನೀರಿನ ಮೀನು, ಪೈಕ್ ಜಾತಿಯಲ್ಲೇ ದೊಡ್ಡದು. ಉದ್ದ ಮೈ, ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು. ಜೊಂಡಿನ ಮರೆಯಲ್ಲಿ ಅಲ್ಲಾಡದೆ ನಿಂತು, ಹತ್ತಿರ ಬಂದದ್ದರ ಮೇಲೆ ಎರಗುತ್ತದೆ. ಒಂದು ಕೆರೆಯಲ್ಲಿ ಇರುವುದೇ ಕಡಿಮೆ. ಹತ್ತು ಸಾವಿರ ಸಲ ಎಸೆದರೆ ಒಂದು ಸಿಗುತ್ತದೆ ಅಂತ ಇಲ್ಲಿಯವರ ಮಾತು. ವಿಸ್ಕಾನ್ಸಿನ್‌ಗೆ ಇದೇ ರಾಜ್ಯದ ಮೀನು. ಹೇವರ್ಡ್‌ನಲ್ಲಿ ಇದರ 143 ಅಡಿ ಉದ್ದದ ಫೈಬರ್‌ಗ್ಲಾಸ್ ಪ್ರತಿಮೆ ಕಟ್ಟಿದ್ದಾರೆ, ಬಾಯೊಳಗೆ ಹತ್ತಿ ನಿಲ್ಲಬಹುದು.

ಹೇವರ್ಡ್_ಹುಡುಗ
ಆ ಬಾಯಲ್ಲಿ ನಿಂತು ಅಪ್ಪ ಅಮ್ಮನ ಫೋಟೋ ತೆಗೆದಿದ್ದೇನೆ. ಅಮ್ಮ ಚಪ್ಪಲಿ ಕೆಳಗೇ ಬಿಟ್ಟು ಹತ್ತಿದರು, ದೇವಸ್ಥಾನ ಇರಬಹುದು ಅಂತ.

ಕೊಡಗಿನ_ಕೋಲು (ಕುಶಾಲನಗರ)
ನಾನು ಮಸ್ಕಿ ನೋಡಿಲ್ಲ. ಆದರೆ ಬೀಳುವಾಗ ಕಚ್ಚುವ ಮಾತು ಓದಿ ನಮ್ಮ ಅಜ್ಜ ನೆನಪಾದರು. ಕಾವೇರಿಯಲ್ಲಿ ಬಿಳಿಮೀನಿಗೆ (ಮಹಶೀರ್) ರಾಗಿ ಹಿಟ್ಟಿನ ಉಂಡೆ ಬೇಯಿಸಿ ಗಾಳಕ್ಕೆ ಹಾಕುತ್ತಿದ್ದರು. ಉಂಡೆ ನೀರಿನ ಜೊತೆ ತಾನಾಗಿ ಉರುಳಬೇಕು, ನೀನು ಹಿಡಿದು ನಿಲ್ಲಿಸಬೇಡ ಅನ್ನುತ್ತಿದ್ದರು. ನಿಂತ ಉಂಡೆಯನ್ನು ದೊಡ್ಡ ಮೀನು ನಂಬುವುದಿಲ್ಲ ಅಂತ ಅವರ ಮಾತು. ಈಗ ಆ ಗೂನು ಬೆನ್ನಿನ, ಕೇಸರಿ ರೆಕ್ಕೆಯ ಬಿಳಿಮೀನೇ ಅಳಿವಿನ ಅಂಚಿಗೆ ಬಂದಿದೆ. ಬರೆಯುತ್ತಾ ಹೊಟ್ಟೆ ಉರಿಯುತ್ತದೆ.

ನೀರಹಕ್ಕಿ
ಅಜ್ಜನ ಮಾತು ಇಲ್ಲಿಗೂ ಸರಿಯಾಗಿ ಹೊಂದುತ್ತದೆ. ಅವರ ಬಗ್ಗೆ ಬೇರೆ ಎಳೆ ತೆಗೆದು ಬರೆಯಿರಿ, ಖಂಡಿತ ಓದುತ್ತೇವೆ.

ಈಗ ಕೆರೆದಂಡೆಯವರೇ, ನಿಮ್ಮ ನಿಜವಾದ ತೊಂದರೆ ದೋಣಿ ಪಕ್ಕದಲ್ಲಿದೆ ಅನ್ನಿಸುತ್ತದೆ. 11 ಮೀನು ಅಲ್ಲಿಯವರೆಗೂ ಬಂದಿವೆ. ಆಮೇಲೆ ನೀವು ಏನು ಮಾಡಿದಿರಿ ಅಂತ ಬರೆದೇ ಇಲ್ಲ. ರಾಡ್ ತುದಿಯಿಂದ ನೀರಲ್ಲಿ ಲೂರನ್ನು ಎಂಟರ ಆಕಾರದಲ್ಲಿ ತಿರುಗಿಸಿ, ಎಂಟು ಹಾಕಿದಿರಾ?

ಕೆರೆದಂಡೆ
ಮೀನು ಕಂಡಾಗ ಹಾಕಿದೆ ಅಕ್ಕ. ಕಾಣದಿದ್ದರೆ ಇಲ್ಲ.

ನೀರಹಕ್ಕಿ
ಇದೇ ನೋಡಿ. ಮೀನು ಕಾಣಲಿ ಬಿಡಲಿ, ಪ್ರತಿ ಎಸೆತದ ಕೊನೆಗೂ ಹಾಕಬೇಕು. ಕದಡಿದ ನೀರಲ್ಲಿ, ಅಲೆ ಇದ್ದಾಗ, ನಿಮಗೆ ಕಾಣದೆ ಬಂದವು ಎಷ್ಟೋ.

ಲೈಸೆನ್ಸಿಗೆ ಆರ್‌ಟಿಒದಲ್ಲಿ ಗಾಡಿಯಲ್ಲಿ ಎಂಟು ಹಾಕಿಸುತ್ತಿದ್ದರಲ್ವಾ? ತಿರುವು ಚಿಕ್ಕದಾದರೆ ಕಾಲು ನೆಲಕ್ಕೆ ತಾಗುತ್ತಿತ್ತು. ಇಲ್ಲೂ ಹಾಗೇ. ನಾಲ್ಕು ಅಡಿ ಉದ್ದದ ಮೀನಿಗೆ ಚಿಕ್ಕ ತಿರುವಿನಲ್ಲಿ ಮೈ ತಿರುಗಿಸಲು ಆಗುವುದಿಲ್ಲ. ದಾರಿ ತಪ್ಪುತ್ತದೆ, ಬಿಟ್ಟು ಹೋಗುತ್ತದೆ. ಲೀಡರ್ ರಾಡ್ ತುದಿಗೆ ಒಂದು ಮೊಳ ಇರುವಾಗಲೇ ಸುತ್ತುವುದು ನಿಲ್ಲಿಸಿ. ರಾಡ್ ತುದಿಯನ್ನು ನೀರೊಳಗೆ ಎರಡು ಅಡಿ ಇಳಿಸಿ, ಅಗಲವಾಗಿ ತಿರುಗಿಸಿ.

ರಬ್ಬರಿಗೆ ಮಾತ್ರ ಒಂದು ವಿಷಯ ನೆನಪಿಡಿ. ಬಕ್‌ಟೇಲ್ (ಕೂದಲಿನ ಬಾಲದ ಲೂರ್) ಹಾಗಲ್ಲ ಇದು, ತಲೆಯೊಳಗೆ ಸೀಸ ಇದೆ. ದೋಣಿ ಹತ್ತಿರ ಒಂದು ಕ್ಷಣ ತಡೆದರೂ ಕಲ್ಲಿನ ಹಾಗೆ ಕೆಳಗೆ ಹೋಗುತ್ತದೆ, ಮತ್ತೆ ಮೇಲೆತ್ತುವಾಗ ಮೀನಿಗೆ ಅನುಮಾನ ಬರುತ್ತದೆ. ಹಾಗಾಗಿ ಕೊನೆಯ ಎಳೆತ ಮುಗಿಯುವ ಮೊದಲೇ ತಿರುವು ಶುರುವಾಗಬೇಕು. ಎಳೆತದಿಂದ ತಿರುವಿಗೆ ತಡೆಯಿಲ್ಲದೆ ಹೋಗಬೇಕು. ತಿರುವಿನಲ್ಲಿ ಸ್ವಲ್ಪ ಆಳಕ್ಕೆ ಬಿಟ್ಟು, ನೇರ ಬರುವಾಗ ಸ್ವಲ್ಪ ಮೇಲೆ ತನ್ನಿ. ನನಗೆ ಕಚ್ಚಿದ್ದೆಲ್ಲ ತಿರುವು ಮುಗಿಸಿ ಮೇಲೇಳುವಾಗ.

ಕತ್ತು ಚಾಚಿ ನೋಡುತ್ತಾ ನಿಲ್ಲಬೇಡಿ. ಮೀನಿಗೆ ನೀವೂ ಕಾಣುತ್ತೀರಿ.

ನದಿಪಕ್ಕ (ಡೆಟ್ರಾಯಿಟ್)
ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು. ಇನ್ನೊಂದು ಸೇರಿಸುತ್ತೇನೆ. ಎಸೆಯುವುದೇ ಬೇಕಿಲ್ಲದ ದಾರಿಯೂ ಇದೆ. ನಮ್ಮ ಡೆಟ್ರಾಯಿಟ್ ನದಿಯಲ್ಲಿ ದೋಣಿಯನ್ನು ಹರಿವಿನ ಜೊತೆ ಬಿಟ್ಟು, ಬಾಂಡಿ ಬೇಟ್ ಥರದ ಭಾರದ ರಬ್ಬರನ್ನು ನೇರ ಕೆಳಗಿಳಿಸಿ ತಳಕ್ಕೆ ತಾಗಿಸುತ್ತೇವೆ. ಒಂದೆರಡು ಅಡಿ ಎತ್ತುವುದು, ಇಳಿಸುವುದು. ಅಷ್ಟೇ. ಇಲ್ಲೂ ಇಳಿಯುವಾಗಲೇ ಕಚ್ಚುವುದು. ನೀರು ತಣ್ಣಗಾದ ಮೇಲೆ ಮೀನು ತಳ ಹಿಡಿದಾಗ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮಂಗ್ಳೂರ್_ಮೀನು (ಶಿಕಾಗೋ)
ನಾಲ್ಕು ಅಡಿ ಮೀನು ಹಿಡಿದು ವಾಪಸ್ ಬಿಡುತ್ತೀರಾ ಮಾರಾಯ್ರೆ? ಒಂದು ಪುಳಿಮುಂಚಿ ಮಾಡಬಾರದಾ?

ನೀರಹಕ್ಕಿ
ಬೇಡ. ಮಿನ್ನೆಸೋಟದಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿ ಇಟ್ಟುಕೊಳ್ಳುವ ಹಾಗೇ ಇಲ್ಲ. ವಿಸ್ಕಾನ್ಸಿನ್‌ನಲ್ಲಿ ಹೆಚ್ಚಿನ ಕಡೆ 40 ಇಂಚು. ಕಾನೂನು ಬಿಡಿ, 50 ಇಂಚಿನ ಹೆಣ್ಣು ಮೀನಿಗೆ ಅಷ್ಟಾಗಲು ಹದಿನೈದು ವರ್ಷದ ಮೇಲೆ ಬೇಕಾಗುತ್ತದೆ. ಅದನ್ನು ಒಂದು ಊಟಕ್ಕೆ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ವರ್ಷ ಬೇರೆ ಮೀನು ತಿಂದು ಬದುಕಿದ್ದರ ಮೈಯಲ್ಲಿ ಪಾದರಸವೂ ಸೇರಿರುತ್ತದೆ.

ಮಂಗ್ಳೂರ್_ಮೀನು
ಪಾದರಸದ್ದು ಗೊತ್ತಿರಲಿಲ್ಲ. ಹಾಗಾದರೆ ಇಲ್ಲಿನ ವಾಲೈ ಮೀನು ಹಿಡಿದು ಮಾಡುತ್ತೇನೆ, ಅದು ಪುಳಿಮುಂಚಿಗೆ ಚೆನ್ನಾಗಿ ಹಿಡಿಯುತ್ತದೆ.

ಲೆಕ್ಕಾಚಾರ
ವಾಲೈಗೆ ಪುಳಿಮುಂಚಿ ಬೇಡ, ರವೆ ಫ್ರೈ. ಇದರಲ್ಲಿ ಚರ್ಚೆಯೇ ಇಲ್ಲ.

ಮಂಗ್ಳೂರ್_ಮೀನು
ಚರ್ಚೆ ಇದೆ. ರವೆ ಫ್ರೈ ಕಾಣೆ ಮೀನಿಗೆ.

ನೀರಹಕ್ಕಿ
ಅಡುಗೆಗೆ ಬೇರೆ ಎಳೆ ತೆಗೆಯಿರಿ ದಯವಿಟ್ಟು! ಇಲ್ಲಿ ಒಂದು ಮುಖ್ಯ ಮಾತು ಹೇಳಬೇಕು. ಕೆರೆದಂಡೆಯವರೇ, ಈಗ ಅಲ್ಲಿ ನೀರಿನ ಬಿಸಿ ಎಷ್ಟಿದೆ?

ಕೆರೆದಂಡೆ
ನಿನ್ನೆ 79 ಫ್ಯಾರನ್‌ಹೀಟ್ ತೋರಿಸಿತು.

ನೀರಹಕ್ಕಿ
ಹಾಗಾದರೆ ಒಂದೆರಡು ವಾರ ಬಿಡಿ. 80 ಅಂದರೆ ಸುಮಾರು 27 ಸೆಲ್ಸಿಯಸ್. ಅಷ್ಟು ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ. ಹೋರಾಡಿ ದಣಿದ ಮಸ್ಕಿ ಬಿಟ್ಟಾಗ ಈಜಿಕೊಂಡು ಹೋದ ಹಾಗೆ ಕಾಣುತ್ತದೆ, ಆಮೇಲೆ ಎಲ್ಲೋ ಸಾಯುತ್ತದೆ. ನಾನು ಹಾಗೆ ಒಂದನ್ನು ಕಳೆದುಕೊಂಡಿದ್ದೇನೆ. ಬೆಳಗ್ಗೆ ಬಿಟ್ಟ ಮೀನು ಸಂಜೆ ಜೊಂಡಿನ ಅಂಚಿಗೆ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಬೆನ್ನ ಮೇಲಿನ ಗಾಯದ ಗುರುತಿನಿಂದ ಅದೇ ಅಂತ ತಿಳಿಯಿತು. ಆ ದಿನದಿಂದ ಥರ್ಮಾಮೀಟರ್ ನೋಡದೆ ಮೊದಲ ಎಸೆತ ಹಾಕುವುದಿಲ್ಲ.

ಕೆರೆದಂಡೆ
ನಿಲ್ಲಿಸಿದೆ ಅಕ್ಕ. ಸೆಪ್ಟೆಂಬರ್‌ವರೆಗೆ ದೋಣಿ ಶೆಡ್ಡಿನಲ್ಲೇ ಇರಲಿ.

ಹೇವರ್ಡ್_ಹುಡುಗ
ಆ ಬಿಡುವಿನಲ್ಲಿ ಎರಡು ಕೆಲಸ ಮಾಡಿ. ಒಂದು, ಹುಕ್ಕುಗಳನ್ನು ಅರದಿಂದ ಚೂಪು ಮಾಡಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದಾಗ ಜಾರಬಾರದು, ಕಚ್ಚಿಕೊಳ್ಳಬೇಕು. ರಬ್ಬರಿನಲ್ಲಿ ಇದು ಬೇರೆಲ್ಲಕ್ಕಿಂತ ಮುಖ್ಯ. ಮಸ್ಕಿ ಕಚ್ಚಿದಾಗ ಹಲ್ಲು ಮೆತ್ತನೆ ಮೈಯೊಳಗೆ ಇಳಿದು ಕೂತಿರುತ್ತದೆ. ರಬ್ಬರ್ ಬಾಯೊಳಗೆ ಸರಿದರೆ ಮಾತ್ರ ಹುಕ್ ಚುಚ್ಚುವುದು. ಸುಮ್ನೆ ಎಳೆದರೆ ಮೀನು ರಬ್ಬರ್ ಹಿಡಿದುಕೊಂಡೇ ಬರುತ್ತದೆ, ದೋಣಿ ಹತ್ತಿರ ಬಾಯಿ ತೆರೆದು ಬಿಟ್ಟು ಹೋಗುತ್ತದೆ. ಅದಕ್ಕೆ ಪಕ್ಕಕ್ಕೆ, ಸೊಂಟದಿಂದ ತಿರುಗಿ, ಜೋರಾಗಿ ಹೊಡೆಯಬೇಕು. ಆಮೇಲೆ ದಾರ ಒಂದು ಕ್ಷಣವೂ ಸಡಿಲ ಆಗಬಾರದು.

ಎರಡು, ಎಳೆದು ಬಿಡುವುದನ್ನು ಈಜುಕೊಳದಲ್ಲೋ ತಿಳಿನೀರಿನ ದಂಡೆಯಲ್ಲೋ ಹುಕ್ ತೆಗೆದು ಅಭ್ಯಾಸ ಮಾಡಿ. ಲೂರ್ ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಿದರೆ ಕೈ ತಾನೇ ಕಲಿಯುತ್ತದೆ. ಸೆಕೆಂಡಿಗೆ ಎಷ್ಟು ಇಳಿಯುತ್ತದೆ ಅಂತಲೂ ಎಣಿಸಿಕೊಳ್ಳಿ. ಜೊಂಡಿನ ತುದಿ ಎಂಟು ಅಡಿಯಲ್ಲಿದ್ದರೆ ರಬ್ಬರ್ ಆರು ಏಳರಲ್ಲಿ ತೂಗಬೇಕು. ತುದಿ ಸವರಿಕೊಂಡು ಹೋಗಬೇಕು, ಒಳಗೆ ಹೂತುಹೋಗಬಾರದು.

ಹೊಸಗಾಳ (ಟೊರಾಂಟೊ)
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಹೋದ ವಾರ ಹಿಡಿದದ್ದು ಮಸ್ಕಿನಾ ಪೈಕ್‌ನಾ ಅಂತ ನಮ್ಮ ಮನೆಯಲ್ಲಿ ಇನ್ನೂ ಜಗಳ. ಹೇಗೆ ಗುರುತಿಸುವುದು?

ನದಿಪಕ್ಕ
ಪೈಕ್ ಆದರೆ ಕಪ್ಪು ಹಸಿರು ಮೈ ಮೇಲೆ ತಿಳಿ ಬಣ್ಣದ ಚುಕ್ಕೆ. ಮಸ್ಕಿ ಆದರೆ ತಿಳಿ ಮೈ ಮೇಲೆ ಗಾಢ ಪಟ್ಟೆ ಅಥವಾ ಚುಕ್ಕೆ, ಕೆಲವಕ್ಕೆ ಏನೂ ಇರುವುದಿಲ್ಲ. ಬಾಲದ ತುದಿ ಮಸ್ಕಿಗೆ ಚೂಪು, ಪೈಕ್‌ಗೆ ಗುಂಡಗೆ. ಅನುಮಾನ ಇದ್ದರೆ ಕೆಳದವಡೆಯ ಅಡಿಯಲ್ಲಿ ಸಣ್ಣ ರಂಧ್ರ ಎಣಿಸಿ. ಒಂದು ಬದಿಗೆ ಐದು ಅಥವಾ ಕಡಿಮೆ ಇದ್ದರೆ ಪೈಕ್, ಆರು ಅಥವಾ ಜಾಸ್ತಿ ಇದ್ದರೆ ಮಸ್ಕಿ.

ಹೊಸಗಾಳ
ಫೋಟೋದಲ್ಲಿ ಬಾಲ ಗುಂಡಗೆ, ತಿಳಿ ಚುಕ್ಕೆ. ಯಜಮಾನರು ಹೇಳಿದ್ದೇ ಸರಿ. ಪೈಕ್.

ಲೆಕ್ಕಾಚಾರ
ರಬ್ಬರ್ ಇಡುವ ಬಗ್ಗೆ ಯಾರೂ ಬರೆಯಲಿಲ್ಲ. ಬೇರೆ ಬೇರೆ ಕಂಪನಿಯ ಮೆತ್ತನೆ ಲೂರ್ ಒಂದೇ ಡಬ್ಬಿಯಲ್ಲಿ ಒತ್ತಿಡಬೇಡಿ. ಒಂದರ ಪ್ಲಾಸ್ಟಿಕ್ ಇನ್ನೊಂದನ್ನು ಕರಗಿಸುತ್ತದೆ. ಕೆಲವು ಗಟ್ಟಿ ಡಬ್ಬಿಯನ್ನೂ ತಿನ್ನುತ್ತವೆ. ನಾನು ನೇತುಹಾಕುತ್ತೇನೆ. ಬಾಲ ಮಡಚಿ ಇಟ್ಟರೆ ಅದೇ ಆಕಾರ ಹಿಡಿಯುತ್ತದೆ, ಆಮೇಲೆ ನೀರಲ್ಲಿ ಅಲ್ಲಾಡುವುದಿಲ್ಲ. ಹಾಗಾಗಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ.

ಹಲ್ಲಿಂದ ಹರಿದದ್ದನ್ನು ಎಸೆಯಬೇಡಿ. ಚಾಕು ಕಾಯಿಸಿ ಎರಡು ಅಂಚಿನ ನಡುವೆ ಇಟ್ಟು, ತೆಗೆದು, ಒತ್ತಿ ಹಿಡಿದರೆ ಕೂಡಿಕೊಳ್ಳುತ್ತದೆ. ಮನೆಯೊಳಗೆ ಬೇಡ, ಹೊಗೆ ಕೆಟ್ಟದು. ನನ್ನ ಹತ್ತಿರ ಒಂದು ಮೆಡುಸಾ ಲೂರ್ ಇದೆ, ಆರು ಸಲ ಬೆಸೆದಿದ್ದೇನೆ. ಮೈ ತುಂಬ ಗಾಯದ ಗೆರೆ. ನನ್ನ ನಂಬಿಕೆಯ ಲೂರ್ ಅದೇ.

ನದಿಪಕ್ಕ
ಒಂದು ಜ್ಞಾಪನೆ, ಎಲ್ಲರಿಗೂ. ದೋಣಿ ಮೇಲೆತ್ತಿದ ಮೇಲೆ ಅಡಿಯ ಬಿರಡೆ ತೆಗೆದು ನೀರು ಪೂರ್ತಿ ಬಸಿಯಿರಿ, ಟ್ರೇಲರಿಗೆ ಸಿಕ್ಕ ಜೊಂಡು ಕಿತ್ತು ಹಾಕಿ. ಕೆರೆ ಹಾಳು ಮಾಡುವ ಜೀಬ್ರಾ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದು ಹೀಗೇ. ಮಿನ್ನೆಸೋಟದಲ್ಲಿ ಬಿರಡೆ ಹಾಕಿಕೊಂಡು ರಸ್ತೆಗೆ ಇಳಿದರೆ ದಂಡವೂ ಬೀಳುತ್ತದೆ.

ಕೆರೆದಂಡೆ
ಅಕ್ಟೋಬರ್ 19. ಎಲ್ಲರಿಗೂ ಹೇಳಲೇಬೇಕು, ಅದಕ್ಕೆ ಈ ಎಳೆ ಮತ್ತೆ ಎತ್ತುತ್ತಿದ್ದೇನೆ.

ನೀರು 52ಕ್ಕೆ ಇಳಿದಿತ್ತು. ಮಿಲ್ ಲ್ಯಾಕ್ಸ್ ಕೆರೆಗೆ ಹೋಗಿದ್ದೆ. ಟುಲಿಬೀ ಮೀನು ಮೊಟ್ಟೆ ಇಡಲು ಕಲ್ಲಿನ ದಿಬ್ಬಗಳ ಕಡೆ ಬರುವ ಕಾಲ, ಅವುಗಳ ಹಿಂದೆ ದೊಡ್ಡ ಮಸ್ಕಿ ಬರುತ್ತದೆ ಅಂತ ಹೇವರ್ಡ್ ತಮ್ಮ ಖಾಸಗಿಯಾಗಿ ಬರೆದಿದ್ದರು. ದೊಡ್ಡ ಸೈಜಿನ ರಬ್ಬರ್ ಹಾಕಿದ್ದೆ. ಬೆಳಗ್ಗೆಯಿಂದ ನಾಲ್ಕು ಗಂಟೆವರೆಗೆ ಏನೂ ಇಲ್ಲ. ಬೆರಳು ಮರಗಟ್ಟಿತ್ತು. ಆದರೂ ಪ್ರತಿ ಸಲ ಎಂಟು ಹಾಕಿದೆ, ಒಂದೂ ಬಿಡದೆ.

ನಾಲ್ಕೂಕಾಲಿಗೆ, ದಿಬ್ಬದ ಅಂಚಿನಲ್ಲಿ, ಎಳೆದೆ, ಬಿಟ್ಟೆ. ದಾರ ಇಳಿಯುತ್ತಾ ಇತ್ತು. ನಿಂತಿತು. ತಳ ಇನ್ನೂ ಆರು ಅಡಿ ಕೆಳಗೆ ಇದೆ ಅಂತ ಎಣಿಕೆಯಿಂದ ಗೊತ್ತಿತ್ತು. ಕೈಗೆ ಏನೂ ತಾಗಲಿಲ್ಲ, ಅಕ್ಕ ಹೇಳಿದ ಹಾಗೇ. ಸೊಂಟದಿಂದ ತಿರುಗಿ ಹೊಡೆದೆ. ಮೊದಲು ಕಲ್ಲಿಗೆ ಸಿಕ್ಕಿತು ಅನ್ನಿಸಿತು. ಆಮೇಲೆ ಕಲ್ಲು ತಲೆ ಕೊಡವಿತು.

47 ಇಂಚು. ದೊಡ್ಡ ಬಲೆಯಲ್ಲಿ, ನೀರಲ್ಲೇ ಇಟ್ಟು ಹುಕ್ ತೆಗೆದೆ. ಒಂದು ಹುಕ್ ಆಳಕ್ಕೆ ಹೋಗಿತ್ತು, ಅದನ್ನು ಕಟರ್‌ನಿಂದ ಕತ್ತರಿಸಿದೆ. ಒಂದೇ ಫೋಟೋ. ಬಾಲದ ಬುಡ ಹಿಡಿದು ನೀರಲ್ಲಿ ನೇರ ನಿಲ್ಲಿಸಿದೆ. ಕಿವಿರು ಆಡುತ್ತಿತ್ತು. ತಣ್ಣನೆಯ ಮೈ, ಅಂಗೈ ತುಂಬ ಲೋಳೆ. ಸುಮಾರು ಒಂದು ನಿಮಿಷ ಹಾಗೇ ಇತ್ತು. ಆಮೇಲೆ ಬಾಲ ಒಂದು ಸಲ ಬಲವಾಗಿ ಬೀಸಿ ನನ್ನ ಕೈ ಬಿಡಿಸಿಕೊಂಡು ಹೋಯಿತು. ನನ್ನ ಮುಖಕ್ಕೆಲ್ಲ ನೀರು. ದೋಣಿಯಲ್ಲೇ ಕೂತು ಅತ್ತುಬಿಟ್ಟೆ.

ನೀರಹಕ್ಕಿ
ಓದಿ ನನಗೂ ಕಣ್ಣು ತುಂಬಿತು. ಹುಕ್ ಕತ್ತರಿಸಿದ್ದು ಬಹಳ ಒಳ್ಳೆಯದು ಮಾಡಿದಿರಿ. ಹೊಸ ಹುಕ್ ಹಾಕಿದರಾಯಿತು, ಮೀನು ಮತ್ತೆ ಸಿಗುವುದಿಲ್ಲ.

ಕೊಡಗಿನ_ಕೋಲು
"ಕಲ್ಲು ತಲೆ ಕೊಡವಿತು" ಅಂದಿರಲ್ಲ, ಅಜ್ಜ ಇದ್ದಿದ್ದರೆ ಎರಡು ಸಲ ಓದಿಸಿಕೊಳ್ಳುತ್ತಿದ್ದರು.

ಹೇವರ್ಡ್_ಹುಡುಗ
ಅಣ್ಣಾ!! ಮುಂದಿನ ಶನಿವಾರ ನಾನೂ ಬರುತ್ತೇನೆ. ಎಷ್ಟು ಹೊತ್ತಿಗೆ ದೋಣಿ ಇಳಿಸುತ್ತೀರಿ?

ಲೆಕ್ಕಾಚಾರ
ಅದೆಲ್ಲ ಸರಿ, ಬಣ್ಣ ಯಾವುದು?

ಕೆರೆದಂಡೆ
ಕಪ್ಪು ಮೈ, ಕಿತ್ತಳೆ ಬಾಲ. ಶನಿವಾರ ಐದಕ್ಕೆ ದಂಡೆಯಲ್ಲಿರುತ್ತೇನೆ ತಮ್ಮ, ದಪ್ಪ ಗ್ಲೌಸ್ ತನ್ನಿ.